ವ್ಯಾಪಾರ ನಿಯಮಗಳು ಮತ್ತು ಬಡ ದೇಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ನಿಯಮಗಳನ್ನೆಲ್ಲ ಮಾಡುವುದು ವಿಶ್ವ ವ್ಯಾಪಾರ ಸಂಸ್ಥೆಯೇ?

ಅಲ್ಲ. ಬಡ ದೇಶದ ಬಂದರಿನಿಂದ ಹೊರಡುವ ಒಂದು ಕಂಟೇನರ್ ಹಲವು ಬಗೆಯ ಕಟ್ಟಳೆಗಳನ್ನು ದಾಟಿ ಹೋಗಬೇಕು. ಎಲ್ಲಕ್ಕೂ ಅಡಿಪಾಯ ವಿಶ್ವ ವ್ಯಾಪಾರ ಸಂಸ್ಥೆಯ, ಅಂದರೆ ಡಬ್ಲ್ಯುಟಿಒದ ಒಪ್ಪಂದಗಳು. 1947ರ ಗ್ಯಾಟ್, ಅಂದರೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ ಅದರ ಬೇರು. ಸಂಸ್ಥೆ ಹುಟ್ಟಿದ್ದು 1995ರ ಜನವರಿ 1ರಂದು. 2024ರ ಆಗಸ್ಟ್‌ನಲ್ಲಿ ಕೊಮೊರೋಸ್ ಮತ್ತು ಟಿಮೋರ್ ಲೆಸ್ತೆ ಸೇರಿದ ಮೇಲೆ ಸದಸ್ಯರ ಸಂಖ್ಯೆ 166 ಆಯಿತು. ಅದರ ಮೇಲೆ ಎರಡು ದೇಶಗಳ ನಡುವಿನ, ಇಲ್ಲವೇ ಒಂದು ಪ್ರದೇಶದ ದೇಶಗಳ ನಡುವಿನ ಒಪ್ಪಂದಗಳು ಕೂರುತ್ತವೆ. ಶ್ರೀಮಂತ ದೇಶಗಳು ತಾವಾಗಿಯೇ ಕೊಡುವ ಸುಂಕ ರಿಯಾಯಿತಿಗಳು ಬೇರೆ. ಅವು ಕೊಟ್ಟವರ ಕಾನೂನು, ಕೊಟ್ಟವರೇ ವಾಪಸ್ ಪಡೆಯಬಹುದು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವ ಬ್ಯಾಂಕುಗಳ ಸಾಲದ ಷರತ್ತುಗಳು ಇನ್ನೊಂದು ಪದರ. ಕೊನೆಗೆ, ದೊಡ್ಡ ಸೂಪರ್ ಮಾರ್ಕೆಟ್ ಸರಪಳಿಗಳು ಹಾಕುವ ಖಾಸಗಿ ಮಾನದಂಡಗಳು.

ಪೆಟ್ಟು ಯಾವ ಪದರದಿಂದ ಬಿತ್ತು ಎಂದು ತಿಳಿಯದೆ ಮದ್ದು ಹುಡುಕಿದರೆ ಪ್ರಯೋಜನವಿಲ್ಲ. ಸಾಲದ ಷರತ್ತಿನಿಂದ ಆದ ತೊಂದರೆಗೆ ಡಬ್ಲ್ಯುಟಿಒ ಕಚೇರಿ ಇರುವ ಜಿನೀವಾದಲ್ಲಿ ಪರಿಹಾರ ಸಿಗುವುದಿಲ್ಲ. ಹೀಗಿದ್ದೂ ‘ಎಲ್ಲ ಡಬ್ಲ್ಯುಟಿಒ ಮಾಡಿದ್ದು’ ಎನ್ನುವ ಮಾತು ಬೀದಿಯ ಪ್ರತಿಭಟನೆಯಿಂದ ಸಂಸತ್ತಿನವರೆಗೆ ಕೇಳಿಬರುತ್ತಲೇ ಇರುತ್ತದೆ.

ಒಂದು ದೇಶ ‘ಅಭಿವೃದ್ಧಿಶೀಲ’ ಎಂದು ಯಾರು ತೀರ್ಮಾನಿಸುತ್ತಾರೆ?

ಡಬ್ಲ್ಯುಟಿಒದಲ್ಲಿ ಆಯಾ ದೇಶವೇ ಹೇಳಿಕೊಳ್ಳುತ್ತದೆ. ಬೇರೆಯವರು ತಕರಾರು ತೆಗೆಯಬಹುದು, ಅಷ್ಟೆ. ಎಲ್‌ಡಿಸಿ, ಅಂದರೆ ಅತ್ಯಂತ ಹಿಂದುಳಿದ ದೇಶ ಎಂಬ ಗುಂಪಿನ ವಿಷಯ ಹಾಗಲ್ಲ. ಅದರ ಪಟ್ಟಿ ವಿಶ್ವಸಂಸ್ಥೆಯದು. ತಲಾ ಆದಾಯ, ಆರೋಗ್ಯ ಮತ್ತು ಶಿಕ್ಷಣದ ಸೂಚ್ಯಂಕ, ಆರ್ಥಿಕ ಹಾಗೂ ಪರಿಸರದ ಆಘಾತಕ್ಕೆ ಸಿಲುಕುವ ಅಪಾಯ, ಈ ಮೂರನ್ನು ಮೂರು ವರ್ಷಕ್ಕೊಮ್ಮೆ ಅಳೆಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಸಾವೊ ಟೋಮೆ ಮತ್ತು ಪ್ರಿನ್ಸಿಪೆ ಹೊರಬಂದಾಗ ಪಟ್ಟಿಯಲ್ಲಿ 44 ದೇಶಗಳು ಉಳಿದವು.

ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಎಲ್‌ಡಿಸಿಗಳಿಗೆ ಸಿಗುವ ವಿನಾಯಿತಿಗಳು ಗಟ್ಟಿಯಾಗಿ, ದಿನಾಂಕ ಸಮೇತ ಬರೆದಿರುತ್ತವೆ. ಉಳಿದ ಅಭಿವೃದ್ಧಿಶೀಲ ದೇಶಗಳಿಗೆ ಬರೆದಿರುವ ಹಲವು ಕಲಮುಗಳಲ್ಲಿ ‘ವಿಶೇಷ ಗಮನ ಕೊಡತಕ್ಕದ್ದು’ ಎಂಬಂಥ ಮಾತುಗಳಷ್ಟೇ ಇವೆ. ಅವನ್ನು ಹಿಡಿದು ದಾವೆ ಗೆಲ್ಲುವುದು ಕಷ್ಟ. ದಕ್ಷಿಣ ಕೊರಿಯಾ 2019ರಲ್ಲಿ, ಚೀನಾ 2025ರ ಸೆಪ್ಟೆಂಬರ್‌ನಲ್ಲಿ, ಮುಂದಿನ ಮಾತುಕತೆಗಳಲ್ಲಿ ಹೊಸ ವಿನಾಯಿತಿ ಕೇಳುವುದಿಲ್ಲ ಎಂದು ಘೋಷಿಸಿದವು.

ಬಡ ದೇಶ ತನ್ನ ರೈತರನ್ನು ಉಳಿಸಲು ಆಮದು ಸುಂಕ ಏರಿಸುವ ಹಾಗಿಲ್ಲವೇ?

ಬಹಳ ಸಲ ಏರಿಸಬಹುದು. ಪ್ರತಿ ಸದಸ್ಯ ದೇಶವೂ ಸರಕುವಾರು ‘ಇದಕ್ಕಿಂತ ಮೇಲೆ ಹೋಗುವುದಿಲ್ಲ’ ಎಂದು ಬರೆದುಕೊಟ್ಟ ಮಿತಿ ಇರುತ್ತದೆ. ಅದು ಬದ್ಧ ಸುಂಕ. ಗಡಿಯಲ್ಲಿ ನಿಜವಾಗಿ ವಸೂಲು ಮಾಡುವುದು ಚಾಲ್ತಿ ಸುಂಕ. ಎರಡರ ನಡುವಿನ ಅಂತರ ಬಡ ದೇಶಗಳಲ್ಲಿ ಸಾಮಾನ್ಯವಾಗಿ ದೊಡ್ಡದು, ಶ್ರೀಮಂತ ದೇಶಗಳಲ್ಲಿ ಚಿಕ್ಕದು.

ಘಾನಾದ ಕೋಳಿ ಮಾಂಸದ ಪ್ರಸಂಗ ನೋಡಿ. ಹೊರಗಿನಿಂದ ಅಗ್ಗದ ಫ್ರೋಜನ್ ಕೋಳಿ ಬಂದು ಸ್ಥಳೀಯ ಸಾಕಣೆ ನೆಲಕಚ್ಚುತ್ತಿದೆ ಎಂದು ಅಲ್ಲಿನ ಸಂಸತ್ತು 2003ರಲ್ಲಿ ಸುಂಕವನ್ನು ಶೇ 20ರಿಂದ 40ಕ್ಕೆ ಏರಿಸುವ ಕಾಯ್ದೆ ಮಾಡಿತು. ಡಬ್ಲ್ಯುಟಿಒದಲ್ಲಿ ಘಾನಾದ ಬದ್ಧ ಸುಂಕ ಶೇ 99. ಅಂದರೆ ಅಲ್ಲಿ ಅಡ್ಡಿಯೇ ಇರಲಿಲ್ಲ. ಆದರೂ ಐಎಂಎಫ್ ಜತೆಗಿನ ಮಾತುಕತೆಯ ಬಳಿಕ ಸರ್ಕಾರ ಅದನ್ನು ಕೈಬಿಟ್ಟಿತು.

ಹಾಗಾಗಿ ಪರಿಶೀಲನೆಗೆ ಒಂದು ಕ್ರಮವಿದೆ. ಮೊದಲು ಸರಕನ್ನು ಗುರುತಿಸಲು ಜಗತ್ತಿನೆಲ್ಲೆಡೆ ಬಳಸುವ ಆರಂಕಿಯ ಎಚ್‌ಎಸ್ ಕೋಡ್ ಖಚಿತಪಡಿಸಿಕೊಳ್ಳಿ. ಇಡೀ ಕೋಳಿಗೂ ತುಂಡು ಮಾಡಿದ ಕೋಳಿಗೂ ಕೋಡ್ ಬೇರೆ. ಡಬ್ಲ್ಯುಟಿಒಗೆ ದೇಶ ಕೊಟ್ಟ ಪಟ್ಟಿಯಲ್ಲಿ ಆ ಕೋಡಿನ ಬದ್ಧ ಸುಂಕ ನೋಡಿ. ಬಳಿಕ ಪ್ರಾದೇಶಿಕ ಒಕ್ಕೂಟದ ಸಾಮಾನ್ಯ ಸುಂಕ ಎಷ್ಟೆಂದು ನೋಡಿ. ಪಶ್ಚಿಮ ಆಫ್ರಿಕಾದ ಇಕೋವಾಸ್ ಒಕ್ಕೂಟ 2015ರಲ್ಲಿ ತಂದ ಪಟ್ಟಿಯಲ್ಲಿ ಅತಿ ಮೇಲಿನ ಹಂತವೇ ಶೇ 35, ಹಾಗಾಗಿ 99ರವರೆಗಿನ ಅವಕಾಶ ಕಾಗದದ ಮೇಲೆ ಉಳಿಯಿತು. ಆಮೇಲೆ ಸಾಲದ ಒಪ್ಪಂದದ ಷರತ್ತುಗಳು, ಕೊನೆಗೆ ಮುಕ್ತ ವ್ಯಾಪಾರ ಒಪ್ಪಂದಗಳ ಸುಂಕ ಇಳಿಕೆಯ ವೇಳಾಪಟ್ಟಿ. ಇವುಗಳಲ್ಲಿ ಎಲ್ಲಿ ಮಿತಿ ಅತಿ ಕಡಿಮೆಯೋ ಅದೇ ನಿಜವಾದ ಮಿತಿ.

ಸುಂಕ ಇಳಿಸಿದರೆ ಗ್ರಾಹಕರಿಗೆ ಲಾಭವಲ್ಲವೇ? ಆತಂಕ ಯಾಕೆ?

ಲಾಭವಿದೆ. ಯಂತ್ರ, ಔಷಧ, ಗೊಬ್ಬರ ಅಗ್ಗವಾದರೆ ಬಡ ದೇಶಕ್ಕೇ ಒಳ್ಳೆಯದು. ಆತಂಕ ಖಜಾನೆಯದು. ಆದಾಯ ತೆರಿಗೆ ಕಟ್ಟುವವರು ಕೈಬೆರಳೆಣಿಕೆಯಷ್ಟಿರುವ ದೇಶದಲ್ಲಿ ಬಂದರಿನಲ್ಲಿ ವಸೂಲಾಗುವ ಸುಂಕವೇ ಸುಲಭದ ವರಮಾನ. ಅದನ್ನು ಬಿಟ್ಟುಕೊಟ್ಟು ಮೌಲ್ಯವರ್ಧಿತ ತೆರಿಗೆ ತರಬೇಕೆಂದರೆ ಅಂಗಡಿಗಳ ನೋಂದಣಿ, ಲೆಕ್ಕಪತ್ರ, ತಪಾಸಣೆ ಎಲ್ಲ ಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಸುಂಕ ಮಾತ್ರ ಒಪ್ಪಂದದ ವೇಳಾಪಟ್ಟಿಯಂತೆ ಇಳಿಯುತ್ತಲೇ ಹೋಗುತ್ತದೆ.

ಬಡ ದೇಶಗಳ ಸರಕಿಗೆ ಸುಂಕವೇ ಇಲ್ಲ ಎಂದು ಶ್ರೀಮಂತ ದೇಶಗಳು ಹೇಳುತ್ತವಲ್ಲ?

ಯುರೋಪ್ ಒಕ್ಕೂಟದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. 2001ರಿಂದ ಎಲ್‌ಡಿಸಿಗಳ ಸರಕಿಗೆ, ಶಸ್ತ್ರಾಸ್ತ್ರ ಬಿಟ್ಟು, ಅಲ್ಲಿ ಸುಂಕವೂ ಇಲ್ಲ, ಪ್ರಮಾಣದ ಮಿತಿಯೂ ಇಲ್ಲ.

ಆದರೆ 2005ರ ಹಾಂಗ್‌ಕಾಂಗ್ ಡಬ್ಲ್ಯುಟಿಒ ಸಮಾವೇಶದ ನಿರ್ಣಯವನ್ನು ಸರಿಯಾಗಿ ಓದಿ. ಅಷ್ಟು ಕೊಡಲು ಕಷ್ಟವೆನ್ನುವ ದೇಶಗಳು ಎಲ್‌ಡಿಸಿಗಳಿಗೆ ಶೇ 97ರಷ್ಟು ‘ಸುಂಕ ಸಾಲು’ಗಳಲ್ಲಿ ವಿನಾಯಿತಿ ಕೊಟ್ಟರೆ ಸಾಕು ಎಂದಿದೆ. ಸಾಲು ಎಂದರೆ ಪಟ್ಟಿಯಲ್ಲಿನ ಒಂದು ನಮೂದು, ವ್ಯಾಪಾರದ ಮೌಲ್ಯವಲ್ಲ. ಸಾವಿರಾರು ಸಾಲುಗಳ ಪಟ್ಟಿಯಲ್ಲಿ ಬಡ ದೇಶವೊಂದು ನಿಜಕ್ಕೂ ಮಾರುವುದು ಕೆಲವೇ ಡಜನ್ ಸರಕುಗಳನ್ನು. ಉಳಿದ ಶೇ 3ರೊಳಗೆ ಅವೆಲ್ಲವನ್ನೂ ತುಂಬಿಸಿಬಿಡಬಹುದು. ಎಲ್‌ಡಿಸಿಗಳಿಂದ ವಿಮಾನದ ಬಿಡಿಭಾಗಕ್ಕೆ ಸುಂಕ ಇಲ್ಲ ಎಂದರೆ ಯಾರಿಗೆ ಉಪಯೋಗ? ಬಾಂಗ್ಲಾದೇಶದ ರಫ್ತಿನಲ್ಲಿ ಐದನೇ ನಾಲ್ಕು ಭಾಗಕ್ಕಿಂತ ಹೆಚ್ಚು ಸಿದ್ಧ ಉಡುಪು. ಅಮೆರಿಕದ ಸಾಮಾನ್ಯ ಸುಂಕ ಪಟ್ಟಿಯಲ್ಲಿ ಹತ್ತಿ ಟೀ ಶರ್ಟಿಗೆ ಶೇ 16.5, ಕೃತಕ ನೂಲಿನದಕ್ಕೆ ಶೇ 32. ಈ ಸುಂಕವನ್ನು ಬಾಂಗ್ಲಾದೇಶ, ಕಾಂಬೋಡಿಯಾಗಳಂಥ ಏಷ್ಯಾದ ಎಲ್‌ಡಿಸಿಗಳೂ ತೆರುತ್ತ ಬಂದಿವೆ.

ಇದರ ಮೇಲೆ ರಾಜಕೀಯದ ಗಾಳಿ. 2025ರ ಏಪ್ರಿಲ್ 2ರಂದು ಅಮೆರಿಕ ಘೋಷಿಸಿದ ‘ಪ್ರತಿ ಸುಂಕ’ದ ಪಟ್ಟಿಯಲ್ಲಿ ಪುಟ್ಟ ಲೆಸೊಥೋಗೆ ಶೇ 50 ಎಂದಿತ್ತು, ಆಗಸ್ಟ್ ಹೊತ್ತಿಗೆ ಅದು 15 ಆಯಿತು. ನಡುವಿನ ತಿಂಗಳುಗಳಲ್ಲಿ ಮುಂದಿನ ಹಂಗಾಮಿನ ಆರ್ಡರ್ ಕೊಡಲು ಯಾವ ಖರೀದಿದಾರನಿಗೆ ಧೈರ್ಯ ಬಂದೀತು?

ಸುಂಕ ಸೊನ್ನೆ ಇದ್ದರೂ ರಫ್ತುದಾರರು ಪೂರ್ತಿ ಸುಂಕ ಕಟ್ಟಿದ್ದುಂಟು. ಹೀಗೇಕೆ?

ಇದಕ್ಕೆ ಮುಖ್ಯ ಕಾರಣ ರೂಲ್ಸ್ ಆಫ್ ಒರಿಜಿನ್. ಸರಕು ನಿಜಕ್ಕೂ ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮಗಳಿವು. ಇಡೀ ವಿಷಯದಲ್ಲಿ ಅತಿ ಒಣಕಲು ಭಾಗ ಇದೇ, ಹಣ ಸೋರಿಹೋಗುವುದೂ ಇಲ್ಲೇ.

ಅಂಗಿಯನ್ನೇ ತೆಗೆದುಕೊಳ್ಳಿ. ಹತ್ತಿ ನೂಲಾಗುತ್ತದೆ, ನೂಲು ಬಟ್ಟೆಯಾಗುತ್ತದೆ, ಬಟ್ಟೆ ಅಂಗಿಯಾಗುತ್ತದೆ. 2011ಕ್ಕಿಂತ ಮೊದಲು ಯುರೋಪ್ ಒಕ್ಕೂಟದ ನಿಯಮ ಎಲ್‌ಡಿಸಿಗಳಿಗೂ ಎರಡು ಹಂತ ಕೇಳುತ್ತಿತ್ತು. ನೂಲನ್ನು ಹೊರಗಿನಿಂದ ತರಬಹುದು, ಆದರೆ ಬಟ್ಟೆ ತಯಾರಿಯೂ ಹೊಲಿಗೆಯೂ ಅದೇ ದೇಶದಲ್ಲಿ ಆಗಬೇಕು. ಬಾಂಗ್ಲಾದೇಶದಲ್ಲಿ ಹೆಣಿಗೆಯ ಬಟ್ಟೆ, ಅಂದರೆ ಟೀ ಶರ್ಟಿನ ನಿಟ್ ಬಟ್ಟೆ, ಸ್ಥಳೀಯವಾಗಿಯೇ ತಯಾರಾಗುತ್ತಿತ್ತು. ಅದಕ್ಕೆ ವಿನಾಯಿತಿ ಸಿಕ್ಕಿತು. ಮಗ್ಗದಲ್ಲಿ ನೇಯುವ ಶರ್ಟು, ಪ್ಯಾಂಟಿನ ಬಟ್ಟೆ ಬಹುಪಾಲು ಹೊರಗಿನಿಂದ ಬರುತ್ತಿತ್ತು. ಅದೇ ದೇಶ, ಅದೇ ಕಾರ್ಮಿಕರು, ಅದೇ ಹೊಲಿಗೆ ಯಂತ್ರ. ಆದರೂ ಶರ್ಟಿಗೆ ಪೂರ್ತಿ ಸುಂಕ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ. 2011ರಲ್ಲಿ ನಿಯಮ ಸಡಿಲಿಸಿ, ಎಲ್‌ಡಿಸಿಯಾದರೆ ತಂದ ಬಟ್ಟೆಯನ್ನು ಹೊಲಿದರೂ ಸಾಕು ಎಂದರು. ಅನೇಕ ಕೈಗಾರಿಕಾ ಸರಕುಗಳಲ್ಲಿ ಹೊರಗಿನ ಸಾಮಗ್ರಿ ಶೇ 70ರವರೆಗೆ ಇರಬಹುದು ಎಂದೂ ಬದಲಾಯಿಸಿದರು. ಒಂದು ಪದ ಬದಲಾದರೆ ಕಾರ್ಖಾನೆಗಳ ನಕ್ಷೆಯೇ ಬದಲಾಗುತ್ತದೆ.

ನಿಯಮ ಪಾಲಿಸಿದರೂ ಕಾಗದದಲ್ಲಿ ಎಡವುವವರು ಬಹಳ. ಸಾಮಾನ್ಯವಾಗಿ ಕೆಡುವುದು ಹೀಗೆ: ಇನ್‌ವಾಯ್ಸಿನ ಎಚ್‌ಎಸ್ ಕೋಡಿಗೂ ಒರಿಜಿನ್ ಪತ್ರದ ಕೋಡಿಗೂ ತಾಳೆಯಾಗುವುದಿಲ್ಲ. ಸರಕು ದಾರಿಯಲ್ಲಿ ಮೂರನೇ ದೇಶದ ಗೋದಾಮಿನಲ್ಲಿ ಇಳಿದು, ಅದು ಕಸ್ಟಮ್ಸ್ ನಿಗಾದಲ್ಲೇ ಇತ್ತು ಎನ್ನಲು ದಾಖಲೆ ಇರುವುದಿಲ್ಲ. ಯುರೋಪಿಗೆ ಕಳಿಸುವಾಗ 6,000 ಯೂರೋ ಮೀರಿದ ಸರಕಿಗೆ ರಫ್ತುದಾರ ‘ರೆಕ್ಸ್’ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ಅದು ಆಗಿರುವುದಿಲ್ಲ. ಇನ್ನು, ಬಟ್ಟೆ ಖರೀದಿಯ ಬಿಲ್ಲುಗಳನ್ನು ಎರಡು ವರ್ಷದ ಬಳಿಕ ಕಸ್ಟಮ್ಸ್‌ನವರು ಕೇಳಿದಾಗ ಕಾರ್ಖಾನೆಯಲ್ಲಿ ಅವು ಸಿಗುವುದಿಲ್ಲ. ಆಗ ಬಿಟ್ಟುಕೊಟ್ಟ ಸುಂಕವನ್ನು ಆಮದುದಾರನಿಂದ ವಾಪಸ್ ವಸೂಲು ಮಾಡುತ್ತಾರೆ. ಆತ ಮುಂದಿನ ಸಲ ಬೇರೆ ದೇಶದತ್ತ ಮುಖ ಮಾಡುತ್ತಾನೆ. ಸುಂಕ ಶೇ 2 ಅಥವಾ 3 ಮಾತ್ರ ಇದ್ದರೆ ಈ ರಗಳೆ ಬೇಡವೆಂದು ಸುಂಕ ಕಟ್ಟಿಬಿಡುವವರೇ ಹೆಚ್ಚು, ಮತ್ತು ಅವರ ಲೆಕ್ಕ ತಪ್ಪೂ ಅಲ್ಲ.

ರಿಯಾಯಿತಿ ಕೊಟ್ಟ ದೇಶ ಬದಲಿಗೆ ಏನನ್ನಾದರೂ ಕೇಳಬಹುದೇ?

ಕೇಳುತ್ತದೆ. ಆಫ್ರಿಕಾದ ಸರಕಿಗೆ ಸುಂಕ ವಿನಾಯಿತಿ ಕೊಡಲು ಅಮೆರಿಕ 2000ದಲ್ಲಿ ಮಾಡಿದ ಅಗೋವಾ ಕಾಯ್ದೆಯ ಉದಾಹರಣೆ ಸಾಕು. ರುವಾಂಡಾ ತನ್ನ ಜವಳಿ ಉದ್ಯಮ ಬೆಳೆಸಲು 2016ರಲ್ಲಿ ಹಳೆ ಬಟ್ಟೆಯ ಆಮದಿನ ಸುಂಕವನ್ನು ಕಿಲೋಗೆ 20 ಸೆಂಟಿನಿಂದ 2.50 ಡಾಲರಿಗೆ ಏರಿಸಿತು. ಹಳೆ ಬಟ್ಟೆ ರಫ್ತು ಮಾಡುವ ಅಮೆರಿಕದ ವ್ಯಾಪಾರಿಗಳ ಸಂಘ ದೂರು ಕೊಟ್ಟಿತು. ಅದೇ ಹಾದಿಯಲ್ಲಿದ್ದ ಕೆನ್ಯಾ, ಟಾಂಜಾನಿಯಾ, ಉಗಾಂಡಾ ಹಿಂದೆ ಸರಿದವು. ರುವಾಂಡಾ ಸರಿಯಲಿಲ್ಲ, 2018ರ ಜುಲೈಯಲ್ಲಿ ಅದರ ಉಡುಪುಗಳಿಗಿದ್ದ ಸುಂಕ ವಿನಾಯಿತಿ ನಿಂತುಹೋಯಿತು. ಡಬ್ಲ್ಯುಟಿಒ ನಿಯಮದ ಪ್ರಕಾರ ರುವಾಂಡಾದ ಸುಂಕ ತಪ್ಪೇ ಎಂಬ ಪ್ರಶ್ನೆ ಇಲ್ಲಿ ಏಳಲೇ ಇಲ್ಲ. ತಾನಾಗಿ ಕೊಟ್ಟದ್ದನ್ನು ತಾನಾಗಿ ನಿಲ್ಲಿಸಲು ಕಾರಣ ಬೇಕಿರಲಿಲ್ಲ.

ಕೋಕೋ ಬೆಳೆಯುವ ದೇಶ ಚಾಕೊಲೇಟ್ ಯಾಕೆ ಮಾರುವುದಿಲ್ಲ?

ಸುಂಕದ ಏಣಿ ಒಂದು ಕಾರಣ. ಯುರೋಪ್ ಒಕ್ಕೂಟದ ಸಾಮಾನ್ಯ ಪಟ್ಟಿಯಲ್ಲಿ ಕೋಕೋ ಬೀಜಕ್ಕೆ ಸುಂಕ ಸೊನ್ನೆ, ಕೋಕೋ ಬೆಣ್ಣೆಗೆ ಶೇ 7.7, ಪುಡಿಗೆ 8, ಪೇಸ್ಟಿಗೆ 9.6. ಹಸಿ ಕಾಫಿ ಬೀಜಕ್ಕೆ ಸೊನ್ನೆ, ಹುರಿದದ್ದಕ್ಕೆ 7.5. ಸಂಖ್ಯೆ ಸಣ್ಣದೆನಿಸಬಹುದು. ಬೀಜ ಅರೆಯುವ ಕೆಲಸದಲ್ಲಿ ಉಳಿಯುವ ಅಂಚು ತೆಳುವಾದದ್ದರಿಂದ ಅದು ಸರಕಿನ ಪೂರ್ತಿ ಬೆಲೆಯ ಮೇಲೆ ಬಿದ್ದಾಗ ಲಾಭ ಪೂರ್ತಿ ಕೊಚ್ಚಿಹೋಗುತ್ತದೆ.

ಇದನ್ನೇ ಏಕೈಕ ಕಾರಣ ಎನ್ನುವುದು ಉತ್ಪ್ರೇಕ್ಷೆ. ಎಲ್‌ಡಿಸಿಗಳಿಗೆ ಈ ಸುಂಕ ಇಲ್ಲ. ಘಾನಾ, ಐವರಿ ಕೋಸ್ಟ್ ಎಲ್‌ಡಿಸಿಗಳಲ್ಲದಿದ್ದರೂ ತಮ್ಮ ಒಪ್ಪಂದಗಳ ಮೂಲಕ ಯುರೋಪಿನಲ್ಲಿ ಸುಂಕವಿಲ್ಲದ ಪ್ರವೇಶ ಪಡೆದಿವೆ. ಆದರೂ ಸಿದ್ಧ ಚಾಕೊಲೇಟ್ ಅಲ್ಲಿಂದ ಹರಿದು ಬರುತ್ತಿಲ್ಲ. ನಿರಂತರ ವಿದ್ಯುತ್, ತಂಪು ಸಾಗಣೆ, ಹಾಲಿನ ಪುಡಿ, ಅಗ್ಗದ ಬಂಡವಾಳ, ಬ್ರ್ಯಾಂಡಿನ ಜಾಹೀರಾತು ಇವು ಯಾವುದನ್ನೂ ಸುಂಕದ ಪಟ್ಟಿ ಕೊಡುವುದಿಲ್ಲ.

ಶ್ರೀಮಂತ ದೇಶಗಳ ಕೃಷಿ ಸಬ್ಸಿಡಿಗೆ ಮಿತಿ ಇಲ್ಲವೇ?

ಇದೆ, ಆದರೆ ಮಿತಿಯನ್ನು ಅಳೆಯುವ ರೀತಿಯಲ್ಲೇ ಅಸಮಾನತೆ ಇದೆ. ಕೃಷಿ ಒಪ್ಪಂದ ಸಬ್ಸಿಡಿಗಳನ್ನು ಹಸಿರು, ನೀಲಿ, ಹಳದಿ ಪೆಟ್ಟಿಗೆಗಳಲ್ಲಿ ಹಂಚುತ್ತದೆ. ಸಂಶೋಧನೆ, ಬೆಳೆಗೆ ತಳುಕು ಹಾಕದ ನೇರ ಪಾವತಿ ಮುಂತಾದವು ಹಸಿರು. ಅದಕ್ಕೆ ಮಿತಿ ಇಲ್ಲ. ಉತ್ಪಾದನೆಗೆ ಕಡಿವಾಣ ಹಾಕುವ ಯೋಜನೆಗಳ ಪಾವತಿ ನೀಲಿ. ಬೆಲೆ, ಉತ್ಪಾದನೆಗೆ ತಳುಕು ಹಾಕಿದ್ದು ಹಳದಿ, ಅದಕ್ಕೆ ಮಿತಿ. ಹಣವಿರುವ ಸರ್ಕಾರ ತನ್ನ ಸಬ್ಸಿಡಿಯನ್ನು ಹಸಿರು ಪೆಟ್ಟಿಗೆಗೆ ಸರಿಸಿಕೊಳ್ಳುತ್ತದೆ. ಬಡ ಸರ್ಕಾರದ ಕೈಯಲ್ಲಿರುವುದು ಬೆಂಬಲ ಬೆಲೆ, ಗೊಬ್ಬರ, ಬೀಜದ ಸಹಾಯ. ಇದರಲ್ಲಿ ಬಡ ರೈತರ ಗೊಬ್ಬರ, ಬೀಜಕ್ಕೆ ಒಂದು ವಿನಾಯಿತಿ ಇದೆ, ಬೆಂಬಲ ಬೆಲೆಗೆ ಇಲ್ಲ.

ಹತ್ತಿಯ ಜಗಳ ಇದರ ಮುಖ ತೋರಿಸಿತು. ಬ್ರೆಜಿಲ್ 2002ರಲ್ಲಿ ಅಮೆರಿಕದ ಹತ್ತಿ ಸಬ್ಸಿಡಿಯ ವಿರುದ್ಧ ದಾವೆ ಹೂಡಿ ಗೆದ್ದಿತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಈ ನಾಲ್ಕು ಬಡ ದೇಶಗಳು 2003ರಲ್ಲಿ ಹತ್ತಿಯನ್ನೇ ಪ್ರತ್ಯೇಕ ವಿಷಯವಾಗಿ ಮಾತುಕತೆಗೆ ತಂದವು. ಕೊನೆಗೆ ಏನಾಯಿತು? ಪ್ರತೀಕಾರದ, ಅಂದರೆ ಅಮೆರಿಕದ ಸರಕಿನ ಮೇಲೆ ಸುಂಕ ಏರಿಸುವ ಅಧಿಕಾರ ಕೈಯಲ್ಲಿದ್ದ ಬ್ರೆಜಿಲ್‌ಗೆ ಅಮೆರಿಕ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿದರು. ದಾವೆ ಹೂಡದ ನಾಲ್ಕು ದೇಶಗಳಿಗೆ ಅದರಲ್ಲಿ ಪಾಲಿರಲಿಲ್ಲ. ನಿಯಮ ಒಂದೇ, ಅದನ್ನು ಬಳಸಿದವನಿಗೆ ಮಾತ್ರ ಫಲ.

ಸರ್ಕಾರ ಧಾನ್ಯ ಕೊಂಡು ಬಡವರಿಗೆ ಹಂಚಿದರೆ ಅದೂ ತಪ್ಪೇ?

ಹಂಚುವುದು ತಪ್ಪಲ್ಲ. ನಿಗದಿತ ಬೆಂಬಲ ಬೆಲೆಗೆ ಕೊಂಡಾಗ ಲೆಕ್ಕ ಶುರುವಾಗುತ್ತದೆ. ಸೂತ್ರ ಇದು: ಬೆಂಬಲ ಬೆಲೆಯಿಂದ ಒಂದು ಆಧಾರ ಬೆಲೆ ಕಳೆಯಿರಿ, ಉಳಿದದ್ದನ್ನು ಖರೀದಿಗೆ ಅರ್ಹವಾದ ಪ್ರಮಾಣದಿಂದ ಗುಣಿಸಿ. ಆಧಾರ ಬೆಲೆ 1986ರಿಂದ 88ರವರೆಗಿನ ಅಂತರರಾಷ್ಟ್ರೀಯ ಬೆಲೆ. ಅದಿನ್ನೂ ಬದಲಾಗಿಲ್ಲ.

ಊಹೆಯ ಅಂಕಿಗಳಲ್ಲಿ ಮಾಡಿ ನೋಡೋಣ. ಕಿಲೋಗೆ ಬೆಂಬಲ ಬೆಲೆ 20, ಇವತ್ತಿನ ಮಾರುಕಟ್ಟೆ ಬೆಲೆಯೂ 20, ಆಧಾರ ಬೆಲೆ 5, ಅರ್ಹ ಪ್ರಮಾಣ 100 ಕಿಲೋ. ರೈತನಿಗೆ ಮಾರುಕಟ್ಟೆಗಿಂತ ಹೆಚ್ಚಾಗಿ ಸಿಕ್ಕಿದ್ದು ಏನೂ ಇಲ್ಲ. ಆದರೆ ಸೂತ್ರದ ಪ್ರಕಾರ ಸಬ್ಸಿಡಿ 1,500. ಒಟ್ಟು ಬೆಳೆ 500 ಕಿಲೋ ಎಂದರೆ ಅದರ ಮೌಲ್ಯ 10,000. ಸಬ್ಸಿಡಿ ಶೇ 15. ಅಭಿವೃದ್ಧಿಶೀಲ ದೇಶಗಳಿಗೆ ಮಿತಿ ಶೇ 10, ಶ್ರೀಮಂತ ದೇಶಗಳಿಗೆ 5, ಚೀನಾಕ್ಕೆ 8.5. ಒಂದು ಪೈಸೆ ಹೆಚ್ಚು ಕೊಡದೆಯೂ ಮಿತಿ ಮುರಿದಂತಾಯಿತು. ಇದಕ್ಕೆ ಕಾರಣ ಹಣದುಬ್ಬರ, ಮತ್ತೇನಲ್ಲ.

2013ರ ಬಾಲಿ ಸಮಾವೇಶ ತಾತ್ಕಾಲಿಕ ಪರಿಹಾರ ಕೊಟ್ಟಿತು. ಆ ಹೊತ್ತಿಗೆ ಜಾರಿಯಲ್ಲಿದ್ದ ಆಹಾರ ದಾಸ್ತಾನು ಯೋಜನೆಗಳ ಮೇಲೆ, ಲೆಕ್ಕಪತ್ರ ಸಲ್ಲಿಸಿದ ಮಟ್ಟಿಗೆ, ದಾವೆ ಹೂಡುವುದಿಲ್ಲ ಎಂಬ ‘ಶಾಂತಿ ಕಲಮು’. ಅದನ್ನು ಮೊದಲು ಬಳಸಿದ್ದು ಭಾರತ, 2018–19ರ ಅಕ್ಕಿಗಾಗಿ. ಆದರೆ ಆಫ್ರಿಕಾದ ದೇಶವೊಂದು ಇವತ್ತು ಹೊಸದಾಗಿ ಇಂಥ ಯೋಜನೆ ತಂದರೆ ಈ ಕಲಮಿನ ರಕ್ಷಣೆ ಸಿಗುವುದಿಲ್ಲ. ಶಾಶ್ವತ ಪರಿಹಾರ ಎಂಬುದು ಸಮಾವೇಶದಿಂದ ಸಮಾವೇಶಕ್ಕೆ ಮುಂದೂಡುತ್ತಲೇ ಬಂದಿದೆ.

ಗುಣಮಟ್ಟದ ನಿಯಮಗಳು ಗ್ರಾಹಕರ ರಕ್ಷಣೆಗಲ್ಲವೇ? ಅವು ಅಡ್ಡಿ ಹೇಗೆ?

ಎರಡೂ ಹೌದು. ಶೇಂಗಾದಲ್ಲಿ ಬೆಳೆಯುವ ಶಿಲೀಂಧ್ರದಿಂದ ಬರುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ. ಅದನ್ನು ತಡೆಯುವುದು ಸರಿಯೇ. ನೇರವಾಗಿ ತಿನ್ನುವ ಶೇಂಗಾಕ್ಕೆ ಯುರೋಪ್ ಒಕ್ಕೂಟದ ಮಿತಿ ಕಿಲೋಗೆ ಒಟ್ಟು 4 ಮೈಕ್ರೊಗ್ರಾಂ, ಅದರಲ್ಲಿ ಬಿ1 ಬಗೆಯದು 2 ಮೀರಬಾರದು. ಮುಂದೆ ಸಂಸ್ಕರಿಸುವ ಶೇಂಗಾಕ್ಕೆ 15. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವೂ ಸಂಸ್ಕರಣೆಯ ಶೇಂಗಾಕ್ಕೆ 15. ಡಬ್ಲ್ಯುಟಿಒ ನಿಯಮದಂತೆ ಕೋಡೆಕ್ಸ್‌ಗಿಂತ ಬಿಗಿ ಮಾನದಂಡ ಇಡಬಹುದು, ವೈಜ್ಞಾನಿಕ ಆಧಾರ ತೋರಿಸಬೇಕು.

ಕೆಡುವುದು ಎಲ್ಲಿ? ಕೊಯ್ಲಿಗೆ ಮುಂಚೆ ಬರ ಬಿದ್ದರೆ ಹೊಲದಲ್ಲೇ ಸೋಂಕು ಹತ್ತುತ್ತದೆ. ಕಿತ್ತ ಮೇಲೆ ಬರಿ ನೆಲದ ಮೇಲೆ ಒಣಗಿಸಿದರೆ ರಾತ್ರಿಯ ತೇವ ಹೀರುತ್ತದೆ. ತೇವಾಂಶ ಶೇ 8ರ ಆಸುಪಾಸಿಗೆ ಬೇಗ ಇಳಿಯಬೇಕು. ಟಾರ್ಪಾಲಿನ ಮೇಲೆ ತೆಳುವಾಗಿ ಹರಡಬೇಕು. ಸುಕ್ಕಿದ, ಬಣ್ಣಗೆಟ್ಟ, ಸಿಪ್ಪೆ ಒಡೆದ ಬೀಜ ಆರಿಸಿ ತೆಗೆಯಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಒಟ್ಟಬೇಕು. ಸಿಪ್ಪೆ ಸುಲಿಯುವುದು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೆರಡರಲ್ಲೇ ಅಷ್ಟೂ ಇರಬಹುದು. ಆದ್ದರಿಂದ ಹೊರಡುವಾಗ ಪಾಸಾದ ರಾಶಿಯೇ ತಲುಪಿದ ಬಂದರಿನ ಪರೀಕ್ಷೆಯಲ್ಲಿ ಫೇಲಾಗುತ್ತದೆ. ಸಣ್ಣ ಮಾದರಿ ತೆಗೆದು ನಿಶ್ಚಿಂತರಾದವರೇ ಹೀಗೆ ಸಿಕ್ಕಿಬೀಳುವುದು. ಫೇಲಾದ ಸರಕನ್ನು ವಾಪಸ್ ಒಯ್ಯಬೇಕು, ಇಲ್ಲವೇ ನಾಶ ಮಾಡಬೇಕು, ಖರ್ಚು ರಫ್ತುದಾರನದು. ಮತ್ತೆ ಮತ್ತೆ ಹೀಗಾದರೆ ಆ ದೇಶದ ಎಲ್ಲ ಶೇಂಗಾಕ್ಕೂ ತಪಾಸಣೆಯ ಪ್ರಮಾಣ ಏರುತ್ತದೆ. ಶುದ್ಧ ಸರಕು ಕಳಿಸಿದವನ ಕಂಟೇನರೂ ಬಂದರಿನಲ್ಲಿ ದಿನಗಟ್ಟಲೆ ಕಾಯುತ್ತದೆ.

ಪೇಟೆಂಟ್ ನಿಯಮದಿಂದ ಔಷಧ ದುಬಾರಿಯಾದರೆ ಬಡ ದೇಶ ಏನು ಮಾಡಬಹುದು?

ಟ್ರಿಪ್ಸ್, ಅಂದರೆ ಡಬ್ಲ್ಯುಟಿಒದ ಬೌದ್ಧಿಕ ಆಸ್ತಿ ಒಪ್ಪಂದ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ದಿನದಿಂದ ಕನಿಷ್ಠ 20 ವರ್ಷ ರಕ್ಷಣೆ ಕೊಡಬೇಕೆನ್ನುತ್ತದೆ. ಎಲ್‌ಡಿಸಿಗಳು ಔಷಧದ ಪೇಟೆಂಟನ್ನು 2033ರ ಜನವರಿ 1ರವರೆಗೆ, ಉಳಿದ ಬಹುತೇಕ ಬಾಧ್ಯತೆಗಳನ್ನು 2034ರ ಜುಲೈ 1ರವರೆಗೆ ಜಾರಿ ಮಾಡಬೇಕಿಲ್ಲ. ಬೇರೆ ದೇಶಗಳು ಕಡ್ಡಾಯ ಪರವಾನಗಿ ಕೊಡಬಹುದು, ಅಂದರೆ ಪೇಟೆಂಟ್ ಹೊಂದಿದವನ ಒಪ್ಪಿಗೆ ಇಲ್ಲದೆಯೂ ರಾಯಧನ ನಿಗದಿಪಡಿಸಿ ಇನ್ನೊಬ್ಬರಿಗೆ ತಯಾರಿಸಲು ಅನುಮತಿ. ಅದಕ್ಕೆ ತುರ್ತು ಪರಿಸ್ಥಿತಿ ಇರಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಕಾರಣ ಯಾವುದಿರಬೇಕು ಎಂದು ಆಯಾ ದೇಶವೇ ನಿರ್ಧರಿಸಬಹುದೆಂದು 2001ರ ದೋಹಾ ಘೋಷಣೆ ಸ್ಪಷ್ಟವಾಗಿ ಹೇಳಿದೆ.

ಔಷಧ ಕಾರ್ಖಾನೆಯೇ ಇಲ್ಲದ ದೇಶ ಪರವಾನಗಿ ಯಾರಿಗೆ ಕೊಡಬೇಕು? ಅದಕ್ಕೆಂದೇ ಇನ್ನೊಂದು ದೇಶದಲ್ಲಿ ಮಾಡಿಸಿ ತರಿಸುವ ದಾರಿ ಮಾಡಿದರು. ರುವಾಂಡಾ 2007ರಲ್ಲಿ ಕೋರಿ, ಎಚ್‌ಐವಿ ಔಷಧದ ಮೊದಲ ಸಾಗಣೆ ಕೆನಡಾದಿಂದ ಹೊರಟದ್ದು 2008ರಲ್ಲಿ. ಎರಡೂ ದೇಶಗಳಲ್ಲಿ ನೋಟಿಸು, ಪ್ರಮಾಣ ಮೊದಲೇ ನಿಗದಿ, ಮಾತ್ರೆಯ ಬಣ್ಣವೋ ಪ್ಯಾಕಿಂಗೋ ಬೇರೆ, ವೆಬ್‌ಸೈಟಿನಲ್ಲಿ ಸಾಗಣೆಯ ವಿವರ, ಹೀಗೆ ಒಂದರ ಹಿಂದೆ ಒಂದು ಷರತ್ತು. ಆ ದಾರಿಯಲ್ಲಿ ಬೇರೆ ದೇಶಕ್ಕೆ ಔಷಧ ಹೊರಟದ್ದು ಕಾಣೆವು. ಕಾಗದದಲ್ಲಿ ಹಕ್ಕಿದೆ, ಬಳಸಲು ಬೇಕಾದ ತ್ರಾಣ ಇಲ್ಲ.

ಪುಟ್ಟ ದೇಶ ದೊಡ್ಡ ದೇಶದ ವಿರುದ್ಧ ದಾವೆ ಹೂಡಿ ಗೆದ್ದದ್ದಿದೆಯೇ?

ಇದೆ. ಬಾಂಗ್ಲಾದೇಶ 2004ರಲ್ಲಿ ಭಾರತ ತನ್ನ ಬ್ಯಾಟರಿಗಳ ಮೇಲೆ ಹಾಕಿದ್ದ ಆ್ಯಂಟಿ ಡಂಪಿಂಗ್ ಸುಂಕವನ್ನು, ಅಂದರೆ ತೀರಾ ಅಗ್ಗದ ಬೆಲೆಗೆ ತಂದು ಸುರಿಯುವುದನ್ನು ತಡೆಯುವ ಸುಂಕವನ್ನು ಪ್ರಶ್ನಿಸಿತು. ಎಲ್‌ಡಿಸಿಯೊಂದು ದೂರುದಾರನಾದದ್ದು ಅದೇ ಮೊದಲು. ಒಂದು ದೇಶದಿಂದ ಬರುವ ಸರಕು ಒಟ್ಟು ಆಮದಿನ ಶೇ 3ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ತನಿಖೆ ಕೈಬಿಡಬೇಕೆಂಬ ನಿಯಮ ಅದರ ಬಲವಾಗಿತ್ತು. ತೀರ್ಪಿನವರೆಗೆ ಹೋಗದೆಯೇ ಭಾರತ ಸುಂಕ ತೆಗೆಯಿತು.

ಆಂಟಿಗುವಾದ ಕಥೆ ಬೇರೆ. ಆನ್‌ಲೈನ್ ಜೂಜಿನ ವಿಷಯದಲ್ಲಿ 2003ರಲ್ಲಿ ಅಮೆರಿಕದ ಮೇಲೆ ದಾವೆ ಹೂಡಿ ಗೆದ್ದಿತು. ವರ್ಷಕ್ಕೆ 344 ಕೋಟಿ ಡಾಲರಿನ ಪ್ರತೀಕಾರ ಕೇಳಿದ್ದಕ್ಕೆ 2007ರಲ್ಲಿ 2.1 ಕೋಟಿಗೆ ಅನುಮತಿ ಸಿಕ್ಕಿತು. ಅಷ್ಟನ್ನಾದರೂ ವಸೂಲು ಮಾಡುವುದು ಹೇಗೆ? ಪ್ರತೀಕಾರವೆಂದರೆ ಸಾಮಾನ್ಯವಾಗಿ ಎದುರಾಳಿಯ ಸರಕಿನ ಮೇಲೆ ಸುಂಕ ಏರಿಸುವುದು. ಪುಟ್ಟ ದ್ವೀಪ ಹಾಗೆ ಮಾಡಿದರೆ ಅದರ ಜನರಿಗೇ ವಸ್ತುಗಳು ದುಬಾರಿ, ದೊಡ್ಡ ದೇಶಕ್ಕೆ ಚುರುಕೂ ಮುಟ್ಟದು. ಹಿಂದೆ ಆದ ನಷ್ಟಕ್ಕೆ ಪರಿಹಾರವಂತೂ ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ.

ಈಗ ಇನ್ನೊಂದು ರಂಧ್ರ. ಏಳು ಸದಸ್ಯರ ಮೇಲ್ಮನವಿ ಮಂಡಳಿಗೆ ಹೊಸಬರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರ್‌ನಿಂದ ಅದು ಕೆಲಸ ಮಾಡುತ್ತಿಲ್ಲ. ಸೋತವರು ಮೇಲ್ಮನವಿ ಹಾಕಿದರೆ ವಿಚಾರಣೆಗೆ ಯಾರೂ ಇಲ್ಲ, ತೀರ್ಪು ತೂಗುತ್ತಲೇ ಇರುತ್ತದೆ. ಇದನ್ನು ಬಳಸುವವರು ದೊಡ್ಡವರಷ್ಟೇ ಅಲ್ಲ. ಕಚ್ಚಾ ನಿಕ್ಕಲ್ ರಫ್ತು ನಿಷೇಧದ ವಿಷಯದಲ್ಲಿ 2022ರಲ್ಲಿ ಯುರೋಪ್ ಒಕ್ಕೂಟದೆದುರು ಸೋತ ಇಂಡೋನೇಷ್ಯಾವೂ ಹಾಗೇ ಮಾಡಿತು. ಕೆಲವು ಸದಸ್ಯರು 2020ರಲ್ಲಿ ತಮ್ಮತಮ್ಮಲ್ಲೇ ಪರ್ಯಾಯ ಪಂಚಾಯಿತಿ ವ್ಯವಸ್ಥೆ ಮಾಡಿಕೊಂಡಿದ್ದಾರೆ.

ಎಲ್‌ಡಿಸಿ ಪಟ್ಟಿಯಿಂದ ಹೊರಬಂದರೆ ಏನು ಕಳೆದುಕೊಳ್ಳಬೇಕು?

ಬಾಂಗ್ಲಾದೇಶ, ನೇಪಾಳ, ಲಾವೋಸ್‌ಗಳಿಗೆ ವಿಶ್ವಸಂಸ್ಥೆ 2026ರ ನವೆಂಬರ್ 24 ಎಂದು ದಿನ ಗೊತ್ತುಮಾಡಿತ್ತು. ಹೊರಬಂದ ಮೇಲೂ ಯುರೋಪ್ ಒಕ್ಕೂಟ ಮೂರು ವರ್ಷ ಹಳೆಯ ವಿನಾಯಿತಿ ಮುಂದುವರಿಸುತ್ತದೆ. ಆಮೇಲೆ ಉಡುಪಿಗೆ ಎರಡು ಹಂತದ ಒರಿಜಿನ್ ನಿಯಮ ಮತ್ತೆ ಬರುತ್ತದೆ, ಅಂದರೆ ನೇಯ್ಗೆ ಗಿರಣಿಗಳನ್ನು ಈಗಲೇ ಕಟ್ಟಿರಬೇಕು. ಔಷಧ ಪೇಟೆಂಟಿನ 2033ರ ಗಡುವೂ ಎಲ್‌ಡಿಸಿಗಳಿಗಷ್ಟೇ. ಬಾಂಗ್ಲಾದೇಶದ ಜೆನೆರಿಕ್ ಕಂಪನಿಗಳ ಚಿಂತೆ ಅದು.

ಇಂಗಾಲದ ಗಡಿ ತೆರಿಗೆ ಬಡ ದೇಶಗಳಿಗೂ ಅನ್ವಯವೇ?

ಹೌದು, ಎಲ್‌ಡಿಸಿಗಳಿಗೂ ವಿನಾಯಿತಿ ಇಲ್ಲ. ಆಮದು ಸರಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಹಣ ಕಟ್ಟಿಸುವ ಯುರೋಪ್ ಒಕ್ಕೂಟದ ಈ ವ್ಯವಸ್ಥೆಯ ಹೆಸರು ಸಿಬ್ಯಾಮ್. ಅದು 2023ರ ಅಕ್ಟೋಬರ್‌ನಿಂದ ವರದಿ ಹಂತದಲ್ಲಿತ್ತು, 2026ರ ಜನವರಿ 1ರಿಂದ ಪೂರ್ತಿ ಜಾರಿ. ಸಿಮೆಂಟ್, ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ ಇದರ ವ್ಯಾಪ್ತಿಯಲ್ಲಿವೆ. ಹಣ ಕಟ್ಟುವುದು ಯುರೋಪಿನ ಆಮದುದಾರ, ಲೆಕ್ಕ ಕೊಡಬೇಕಾದದ್ದು ರಫ್ತು ಮಾಡುವ ಕಾರ್ಖಾನೆ. ಕುಲುಮೆಯ ಇಂಧನ, ವಿದ್ಯುತ್ ಬಳಕೆ, ಕಚ್ಚಾವಸ್ತುವಿನ ಹೊರಸೂಸುವಿಕೆಯ ಅಳತೆ ಇಲ್ಲದಿದ್ದರೆ ಒಕ್ಕೂಟ ನಿಗದಿಪಡಿಸಿದ ಅಂದಾಜು ಅಂಕಿ ಅನ್ವಯಿಸುತ್ತದೆ. ಅದು ಬೇಕೆಂದೇ ಮೇಲ್ಮಟ್ಟದಲ್ಲಿರುತ್ತದೆ. ಜಲವಿದ್ಯುತ್ತಿನಲ್ಲಿ ಓಡುವ ಸ್ವಚ್ಛ ಕಾರ್ಖಾನೆಯೂ ಅಳತೆ ಪತ್ರ ಇಲ್ಲದ್ದಕ್ಕೆ ಕೊಳಕು ಕಾರ್ಖಾನೆಯ ಲೆಕ್ಕಕ್ಕೆ ಸಿಗಬಹುದು.

ಇಷ್ಟು ತೊಂದರೆ ಇದ್ದರೆ ಡಬ್ಲ್ಯುಟಿಒ ಬಿಟ್ಟುಬಿಡಬಾರದೇ?

ಆರು ತಿಂಗಳ ನೋಟಿಸು ಕೊಟ್ಟು ಬಿಡಬಹುದು. ಆಗ ಬೇರೆ ದೇಶಗಳು ನಿಮ್ಮ ಸರಕಿನ ಮೇಲೆ ಎಷ್ಟು ಸುಂಕ ಹಾಕಿದರೂ ಕೇಳುವ ಹಕ್ಕು ಹೋಗುತ್ತದೆ, ಸಾಲದ ಷರತ್ತು ಮಾತ್ರ ಹಾಗೇ ಇರುತ್ತದೆ. ಮರಳಿ ಸೇರುವುದು ಇನ್ನೂ ಕಷ್ಟ: ಹೊಸದಾಗಿ ಸೇರುವವರಿಂದ ಪ್ರತಿ ಹಳೆ ಸದಸ್ಯನೂ ಷರತ್ತು ಕೇಳಬಹುದು.

ಯಾವುದೋ ದೇಶ ಹೊಸ ನಿಯಮ ತರುತ್ತಿದೆ, ನಮ್ಮ ರಫ್ತಿಗೆ ಏಟು ಬೀಳಲಿದೆ. ಮೊದಲು ಏನು ಮಾಡಬೇಕು?

ಕರಡು ಹಂತದಲ್ಲೇ ಹಿಡಿಯಬೇಕು. ಆಹಾರ ಸುರಕ್ಷತೆ ಮತ್ತು ತಾಂತ್ರಿಕ ಮಾನದಂಡದ ಹೊಸ ನಿಯಮಗಳ ಕರಡನ್ನು ಸದಸ್ಯ ದೇಶಗಳು ಡಬ್ಲ್ಯುಟಿಒಗೆ ತಿಳಿಸಬೇಕು, ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ ಕೊಡಬೇಕು. ‘ಇಪಿಂಗ್’ ಎಂಬ ಉಚಿತ ಸೇವೆಯಲ್ಲಿ ಸರಕು ಮತ್ತು ಮಾರುಕಟ್ಟೆ ಆಯ್ಕೆ ಮಾಡಿಕೊಂಡರೆ ಇಂಥ ಸೂಚನೆಗಳು ಇಮೇಲಿಗೆ ಬರುತ್ತವೆ. ಬಹುಪಾಲು ರಫ್ತುದಾರರಿಗೆ ಸುದ್ದಿ ತಲುಪುವುದು ಸರಕು ಬಂದರಿನಲ್ಲಿ ನಿಂತ ಮೇಲೆ, ಆ ಹೊತ್ತಿಗೆ 60 ದಿನ ಎಂದೋ ಕಳೆದಿರುತ್ತದೆ.

ಆಕ್ಷೇಪಣೆಯನ್ನು ಖಾಸಗಿಯವರು ನೇರವಾಗಿ ಸಲ್ಲಿಸುವುದಲ್ಲ. ನಿಮ್ಮ ದೇಶದ ವಿಚಾರಣಾ ಕೇಂದ್ರದ ಮೂಲಕ ಹೋಗಬೇಕು. ಪ್ರತಿ ಸದಸ್ಯನೂ ಅಂಥದ್ದೊಂದನ್ನು ಇಟ್ಟಿರಬೇಕು. ‘ನಮಗೆ ತೊಂದರೆ’ ಎಂದಷ್ಟೇ ಬರೆದ ಪತ್ರಕ್ಕೆ ಬೆಲೆ ಇಲ್ಲ. ಯಾವ ಎಚ್‌ಎಸ್ ಕೋಡ್, ವರ್ಷಕ್ಕೆ ಎಷ್ಟು ಟನ್, ಕೋಡೆಕ್ಸ್ ಮಾನದಂಡಕ್ಕಿಂತ ಎಷ್ಟು ಬಿಗಿ, ನಮ್ಮ ಪ್ರಯೋಗಾಲಯ ಎಷ್ಟರವರೆಗೆ ಅಳೆಯಬಲ್ಲದು, ಹೊಂದಿಕೊಳ್ಳಲು ಎಷ್ಟು ತಿಂಗಳು ಬೇಕು, ಇಷ್ಟನ್ನು ಬರೆಯಿರಿ. ನಿಯಮವನ್ನೇ ಕೈಬಿಡಿ ಎನ್ನುವುದಕ್ಕಿಂತ ಹೆಚ್ಚು ಸಮಯ ಕೊಡಿ ಎಂಬ ಬೇಡಿಕೆ ಈಡೇರುವ ಸಂಭವ ಜಾಸ್ತಿ. ಪ್ರಕಟಣೆಗೂ ಜಾರಿಗೂ ನಡುವೆ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಾಗದ ಅಂತರ ಇರಬೇಕು ಎಂದು 2001ರ ದೋಹಾ ನಿರ್ಣಯವೇ ಹೇಳುತ್ತದೆ.

ಉತ್ತರ ಬರದಿದ್ದರೆ ಸಂಬಂಧಪಟ್ಟ ಸಮಿತಿಯ ಮುಂದಿನ ಸಭೆಯಲ್ಲಿ ‘ನಿರ್ದಿಷ್ಟ ವ್ಯಾಪಾರ ಕಳವಳ’ ಎಂದು ಎತ್ತಿಸಿ. ಸಾಮಾನ್ಯವಾಗಿ ವರ್ಷಕ್ಕೆ ಮೂರು ಸಭೆ. ಅದೇ ಸರಕು ಮಾರುವ ಬೇರೆ ದೇಶಗಳನ್ನೂ ಜತೆಗೂಡಿಸಿಕೊಂಡರೆ ಮಾತಿಗೆ ತೂಕ ಬರುತ್ತದೆ. ದಾವೆಯೇ ಬೇಕೆಂದಾದರೆ ಜಿನೀವಾದಲ್ಲಿ 2001ರಿಂದ ಕೆಲಸ ಮಾಡುತ್ತಿರುವ ಡಬ್ಲ್ಯುಟಿಒ ಕಾನೂನು ಸಲಹಾ ಕೇಂದ್ರ ಬಡ ದೇಶಗಳ ಸರ್ಕಾರಗಳಿಗೆ ರಿಯಾಯಿತಿ ದರದಲ್ಲಿ ವಕೀಲರನ್ನು ಒದಗಿಸುತ್ತದೆ. ಅಲ್ಲಿಗೆ ಹೋಗುವ ಮುನ್ನ ತಿರಸ್ಕೃತ ಸರಕಿನ ಪ್ರಯೋಗಾಲಯ ವರದಿ, ಕಸ್ಟಮ್ಸ್ ಆದೇಶ, ಬಿಲ್ಲುಗಳನ್ನು ದಿನಾಂಕವಾರು ಜೋಡಿಸಿಟ್ಟುಕೊಳ್ಳಿ. ವಕೀಲರು ಮೊದಲ ಸಭೆಯಲ್ಲಿ ಕೇಳುವುದು ಅವನ್ನೇ.